ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳಿ ಮತ್ತು ಹೆದ್ದಾರಿಗಳ ಒಂದು ವರ್ಷ

ರೈಲು ಮತ್ತು ರಾಷ್ಟ್ರೀಯ ಹೆದ್ದಾರಿಗಳ ವಿಷಯದಲ್ಲಿ 2025ನೇ ವರ್ಷ ನಮಗೆ ಏನು ಕೊಟ್ಟಿತು ಎಂಬ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದೇ ಅರ್ಥದವುಗಳನ್ನು ಕೂಡಿಸಿ, ಬರೆದವರ ಹೆಸರಿನ ಬದಲು ವೃತ್ತಿ ಮತ್ತು ಊರನ್ನು ಮಾತ್ರ ಉಳಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ನಿವೃತ್ತ ಪ್ರೌಢಶಾಲಾ ಶಿಕ್ಷಕರು, ದಾವಣಗೆರೆ: ರೈಲ್ವೆಯು ಕಳೆದ ವರ್ಷ ಐತಿಹಾಸಿಕ ಪ್ರಗತಿ ಸಾಧಿಸಿತು ಎಂದು ಪತ್ರಿಕೆಗಳಲ್ಲಿ ಓದುತ್ತೇನೆ. ದಾವಣಗೆರೆ ನಿಲ್ದಾಣದಲ್ಲಿ ನಿಂತು ನೋಡಿದರೆ ನನಗೆ ಅಂಥದ್ದೇನೂ ಕಾಣುವುದಿಲ್ಲ. ಎರಡರಲ್ಲಿ ಯಾವುದು ನಿಜ?

ಎರಡೂ ನಿಜ. ಮೊದಲು ದೇಶದ ಲೆಕ್ಕವನ್ನು ನೋಡೋಣ. 2025ರ ಏಪ್ರಿಲ್ 6ರಂದು ರಾಮೇಶ್ವರ ದ್ವೀಪವನ್ನು ಸೇರಿಸುವ ಹೊಸ ಪಾಂಬನ್ ಸೇತುವೆ ಸಂಚಾರಕ್ಕೆ ತೆರೆಯಿತು. 1914ರ ಹಳೆಯ ಸೇತುವೆಯ ಪಕ್ಕದಲ್ಲೇ ಕಟ್ಟಿರುವ ಇದರ ಉದ್ದ ಎರಡು ಕಿ.ಮೀ.ಗಿಂತ ತುಸು ಹೆಚ್ಚು; ಹಡಗು ಬಂದಾಗ 72.5 ಮೀಟರ್ ಉದ್ದದ ಅದರ ಒಂದು ಭಾಗ ಅಡ್ಡಡ್ಡವಾಗಿಯೇ 17 ಮೀಟರ್ ಮೇಲಕ್ಕೇರಿ ದಾರಿ ಬಿಡುತ್ತದೆ. ಜೂನ್ 6ರಂದು ಚಿನಾಬ್ ಸೇತುವೆಯ ಉದ್ಘಾಟನೆಯೊಂದಿಗೆ ಉಧಂಪುರ–ಶ್ರೀನಗರ–ಬಾರಾಮುಲ್ಲಾ ನಡುವಿನ 272 ಕಿ.ಮೀ. ಮಾರ್ಗ ಪೂರ್ಣಗೊಂಡು, ಕಾಶ್ಮೀರ ಕಣಿವೆ ದೇಶದ ಉಳಿದ ಹಳಿಗಳೊಂದಿಗೆ ಬೆಸೆದುಕೊಂಡಿತು. ನದೀತಳದಿಂದ 359 ಮೀಟರ್ ಎತ್ತರದಲ್ಲಿರುವ ಆ ಕಮಾನು ಸೇತುವೆಯ ಉದ್ದ 1,315 ಮೀಟರ್. ಸೆಪ್ಟೆಂಬರ್ 13ರಂದು ಬೈರಾಬಿ–ಸಾಯ್ರಂಗ್ ನಡುವಿನ 51 ಕಿ.ಮೀ. ಹಳಿ ಉದ್ಘಾಟನೆಯಾಗಿ, ಮಿಜೋರಾಂ ರಾಜಧಾನಿ ಐಜಾಲ್‌ನ ಹೊಸ್ತಿಲಿಗೆ ಮೊದಲ ಬಾರಿಗೆ ರೈಲು ಬಂದಿತು. ಇನ್ನು ಸರಕು ಸಾಗಣೆಯಲ್ಲಿ, 2025ರ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ರೈಲ್ವೆ ಸಾಗಿಸಿದ್ದು ಸುಮಾರು 161 ಕೋಟಿ ಟನ್.

ಇವೆಲ್ಲವೂ ಒಂದೇ ವರ್ಷದ ದುಡಿಮೆಯಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಕಾಶ್ಮೀರದ ಹಳಿಗೆ ಮಂಜೂರಾತಿ ಸಿಕ್ಕಿದ್ದು 1994–95ರಲ್ಲಿ, ಅದನ್ನು ರಾಷ್ಟ್ರೀಯ ಯೋಜನೆ ಎಂದು ಘೋಷಿಸಿದ್ದು 2002ರಲ್ಲಿ. ಮಿಜೋರಾಂ ಮಾರ್ಗಕ್ಕೆ ಶಂಕುಸ್ಥಾಪನೆಯಾಗಿದ್ದು 2014ರಲ್ಲಿ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿ ನೆಟ್ಟ ವರ್ಷವೇ ಬೇರೆ, ಕೊನೆ ಕೊಯ್ಯುವ ವರ್ಷವೇ ಬೇರೆ. 2025 ಕೊಯ್ಲಿನ ವರ್ಷವಾಗಿತ್ತು.

ಈಗ ತಾವು ನಿಂತಿರುವ ಪ್ಲಾಟ್‌ಫಾರಂಗೆ ಬರೋಣ. ಕಣ್ಣಿಗೆ ಕಾಣುವ ಬದಲಾವಣೆಯೆಂದರೆ ಆಗಸ್ಟ್ 10ರಂದು ಆರಂಭವಾದ ಬೆಂಗಳೂರು–ಬೆಳಗಾವಿ ವಂದೇ ಭಾರತ್ ರೈಲು ದಾವಣಗೆರೆಯಲ್ಲೂ ನಿಲ್ಲುತ್ತಿರುವುದು. ಧಾರವಾಡದ ವಂದೇ ಭಾರತ್ 2023ರ ಜೂನ್ 27ರಿಂದಲೇ ಇಲ್ಲಿ ನಿಲ್ಲುತ್ತಿದೆ. ಆದರೆ ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಅದಲ್ಲ. ಒಂಟಿ ಹಳಿಯ ಕಾಲದಲ್ಲಿ ಎದುರಿನ ಗಾಡಿಗೆ ದಾರಿ ಕೊಡಲು ನಮ್ಮ ರೈಲು ಮಾಯಕೊಂಡದಲ್ಲೋ ತೋಳಹುಣಸೆಯಲ್ಲೋ ಇಪ್ಪತ್ತು, ಮೂವತ್ತು ನಿಮಿಷ ಸುಮ್ಮನೆ ನಿಲ್ಲುತ್ತಿತ್ತು; ‘ಕ್ರಾಸಿಂಗ್ ಇದೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಇಳಿದು ನಲ್ಲಿಯಲ್ಲಿ ನೀರು ಹಿಡಿದುಕೊಂಡು ಮತ್ತೆ ಹತ್ತಿ ಕೂರುತ್ತಿದ್ದದ್ದು ತಮಗೂ ನೆನಪಿರಬೇಕು. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಜೋಡಿ ಹಳಿಯಾದ ಮೇಲೆ ಆ ಕಾಯುವಿಕೆ ಇಲ್ಲವಾಯಿತು. ಇಲ್ಲವಾದದ್ದು ಕಣ್ಣಿಗೆ ಬೀಳುವುದಿಲ್ಲ, ಹೀಗಾಗಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ: ವಂದೇ ಭಾರತ್ ಗಂಟೆಗೆ 180 ಕಿ.ಮೀ. ಓಡಬಲ್ಲದು ಎನ್ನುತ್ತಾರೆ. ಹಾಗಾದರೆ ಬೆಳಗಾವಿಯಿಂದ ಬೆಂಗಳೂರಿಗೆ ಎಂಟೂವರೆ ಗಂಟೆ ಏಕೆ ಬೇಕು? ಅದು ಚಿತ್ರದುರ್ಗಕ್ಕೆ ಏಕೆ ಬರುವುದಿಲ್ಲ?

ಗಾಡಿಯ ಸಾಮರ್ಥ್ಯ ಒಂದು, ಹಳಿಯ ಅನುಮತಿ ಇನ್ನೊಂದು. ಸುಮಾರು 610 ಕಿ.ಮೀ. ದೂರವನ್ನು ಎಂಟೂವರೆ ಗಂಟೆಯಲ್ಲಿ ಕ್ರಮಿಸಿದರೆ ಸರಾಸರಿ ವೇಗ ಗಂಟೆಗೆ 72 ಕಿ.ಮೀ. ಆಗುತ್ತದೆ. ಹಳಿಯ ತಿರುವುಗಳು, ಅದರಡಿಯ ಸ್ಲೀಪರ್ ದಿಮ್ಮಿ ಮತ್ತು ಜಲ್ಲಿಯ ಸ್ಥಿತಿ, ಸಿಗ್ನಲ್‌ಗಳ ನಡುವಿನ ಅಂತರ, ಮುಂದೆ ಹೋಗುತ್ತಿರುವ ಸರಕು ಗಾಡಿ, ಇವೆಲ್ಲ ಸೇರಿ ನಿಜವಾದ ವೇಗವನ್ನು ನಿರ್ಧರಿಸುತ್ತವೆ. ಹೊಸ ಬೋಗಿಯನ್ನು ಹಳೆಯ ಹಳಿಯ ಮೇಲೆ ಇಟ್ಟರೆ ಪ್ರಯಾಣ ಹಿತವಾದೀತು, ವೇಗ ಅಷ್ಟೇ ಪ್ರಮಾಣದಲ್ಲಿ ಏರದು.

ಚಿತ್ರದುರ್ಗದ ಸಮಸ್ಯೆ ಭೂಪಟದ್ದು. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ಅರಸೀಕೆರೆ, ಬೀರೂರು, ಚಿಕ್ಕಜಾಜೂರುಗಳ ಮೂಲಕ ದಾವಣಗೆರೆಗೆ ಹೋಗುತ್ತದೆ. ಚಿತ್ರದುರ್ಗವಿರುವುದು ಚಿಕ್ಕಜಾಜೂರಿನಿಂದ ರಾಯದುರ್ಗ, ಬಳ್ಳಾರಿಗಳ ಕಡೆಗೆ ಕವಲೊಡೆಯುವ ಮಾರ್ಗದಲ್ಲಿ. ಆದ್ದರಿಂದ ಕೋಟೆಯ ಊರಿನವರು ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ಮೊದಲು ಬೆಂಗಳೂರಿಗೆ ಬೆನ್ನು ತಿರುಗಿಸಿ ಪಶ್ಚಿಮಕ್ಕೆ ಹೋಗಬೇಕು. ರಸ್ತೆಯಲ್ಲಿ ಸುಮಾರು 200 ಕಿ.ಮೀ. ಇರುವ ಊರಿಗೆ ಯಾರು ಸುತ್ತು ಹಾಕಿ ಹೋಗುತ್ತಾರೆ? ಈ ಸುತ್ತು ತಪ್ಪಬೇಕಾದರೆ ಮುಂದಿನ ಪ್ರಶ್ನೆಯಲ್ಲಿರುವ ಮಾರ್ಗ ಮುಗಿಯಬೇಕು.

ರೈತರು, ಭರಮಸಾಗರ: ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ರೈಲು ಮಾರ್ಗ ಮಂಜೂರಾದಾಗ ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಅವಳು ಪದವಿ ಮುಗಿಸುತ್ತಿದ್ದಾಳೆ. ಕಾಶ್ಮೀರದ ಬೆಟ್ಟದಲ್ಲಿ ಸುರಂಗ ಕೊರೆದವರಿಗೆ ನಮ್ಮ ಬಯಲಿನಲ್ಲಿ ಹಳಿ ಹಾಕಲು ಏಕೆ ಆಗುತ್ತಿಲ್ಲ?

ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಮಾರ್ಗದ ಕುರಿತೇ ಇವೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಈ ಮಾರ್ಗ 2011–12ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾಯಿತು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರಗಳ ಮೂಲಕ ದಾವಣಗೆರೆ ಪಕ್ಕದ ತೋಳಹುಣಸೆಗೆ ಬಂದು ಮುಖ್ಯ ಮಾರ್ಗವನ್ನು ಸೇರುವ ಇದರ ಉದ್ದ ಸುಮಾರು 191 ಕಿ.ಮೀ. ಇದು ಮುಗಿದರೆ ಈಗ 326 ಕಿ.ಮೀ. ಇರುವ ದಾವಣಗೆರೆ–ಬೆಂಗಳೂರು ರೈಲು ದಾರಿ ಸುಮಾರು 65 ಕಿ.ಮೀ.ಗಳಷ್ಟು ಕಡಿಮೆಯಾಗುತ್ತದೆ, ಹಿರಿಯೂರಿಗೂ ಶಿರಾಕ್ಕೂ ಮೊದಲ ಬಾರಿಗೆ ರೈಲು ಬರುತ್ತದೆ. ವೆಚ್ಚದಲ್ಲಿ ರಾಜ್ಯ ಸರ್ಕಾರವೂ ಪಾಲುದಾರ. ಜಮೀನು ಒದಗಿಸಿಕೊಡುವ ಹೊಣೆ ರಾಜ್ಯದ್ದೇ.

ಹಣದ ಕೊರತೆಯೇ ಕಾರಣ ಎಂದು ಬಹಳ ಮಂದಿ ಬರೆದಿದ್ದಾರೆ. ಒಂದು ಕಾಲದಲ್ಲಿ ಅದು ನಿಜವಾಗಿತ್ತು. 2009ರಿಂದ 2014ರವರೆಗೆ ಕರ್ನಾಟಕದ ರೈಲ್ವೆ ಕೆಲಸಗಳಿಗೆ ವರ್ಷಕ್ಕೆ ಸರಾಸರಿ 835 ಕೋಟಿ ರೂಪಾಯಿ ಸಿಗುತ್ತಿತ್ತು; 2025–26ರಲ್ಲಿ ಹಂಚಿಕೆಯಾಗಿರುವುದು 7,564 ಕೋಟಿ. ಹಣ ಒಂಬತ್ತು ಪಟ್ಟು ಹೆಚ್ಚಿದರೂ ಕೆಲಸ ಒಂಬತ್ತು ಪಟ್ಟು ಚುರುಕಾಗಲಿಲ್ಲ ಎಂದ ಮೇಲೆ ಗಂಟು ಬೇರೆಲ್ಲೋ ಇದೆ ಎಂದು ತಿಳಿಯಬೇಕು. ಆ ಗಂಟು ಇರುವುದು ಪಹಣಿಯಲ್ಲಿ, ಅಂದರೆ ಜಮೀನಿನ ಹಕ್ಕಿನ ದಾಖಲೆಯಲ್ಲಿ.

ಹಳೆಯ ಹಳಿಯ ಪಕ್ಕದಲ್ಲಿ ಇನ್ನೊಂದು ಹಳಿ ಹಾಕುವಾಗ ಜಮೀನಿನ ಬಹುಪಾಲು ರೈಲ್ವೆಯದೇ ಆಗಿರುತ್ತದೆ. ಬ್ರಿಟಿಷರ ಕಾಲದಲ್ಲಿ ಪಡೆದ ಪಟ್ಟಿಯಲ್ಲೇ ಜಾಗ ಉಳಿದಿರುತ್ತದೆ. ಹೊಸ ಮಾರ್ಗಕ್ಕೆ ಹಾಗಲ್ಲ. ಸರ್ವೆ ನಂಬರಿನಿಂದ ಸರ್ವೆ ನಂಬರಿಗೆ, ಮಧ್ಯದಲ್ಲಿ ಒಂದೇ ಒಂದು ಹೊಲವನ್ನೂ ಬಿಡದೆ, ಉದ್ದಕ್ಕೆ ಜಮೀನು ಬೇಕು. ರಸ್ತೆಯನ್ನಾದರೆ ಸ್ವಲ್ಪ ಬಳಸಿ ಒಯ್ಯಬಹುದು, ರೈಲಿಗೆ ಕಡಿದಾದ ತಿರುವು ಆಗದು. ಹತ್ತು ಕಿ.ಮೀ. ಜಮೀನು ಸಿಕ್ಕು ನಡುವೆ ಇನ್ನೂರು ಮೀಟರ್ ಸಿಗದಿದ್ದರೆ ಹತ್ತು ಕಿ.ಮೀ.ಯೂ ನಿರುಪಯುಕ್ತ.

ಆ ಇನ್ನೂರು ಮೀಟರ್ ಏಕೆ ಸಿಗುವುದಿಲ್ಲ ಎಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಬೇರೆ ಬೇರೆ ಉಳುಮೆ ಮಾಡುತ್ತಿರುತ್ತಾರೆ, ಅಳತೆ ಮಾಡಿ ಪಾಲುಗಳನ್ನು ದಾಖಲೆಯಲ್ಲಿ ಬೇರ್ಪಡಿಸುವ ಪೋಡಿ ಆಗಿರುವುದಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಕ್ಕಿನ ಮಾತು ಪರಿಹಾರದ ಹಣ ಬಂದ ದಿನವೇ ಏಳುತ್ತದೆ, ಏಳಲೇಬೇಕಾದ ಮಾತೂ ಹೌದು. ಹೀಗಾದಾಗ ಭೂಸ್ವಾಧೀನಾಧಿಕಾರಿ ಹಣವನ್ನು ಯಾರ ಕೈಗೂ ಕೊಡಲಾಗದೆ ವಿವಾದ ನ್ಯಾಯಾಲಯಕ್ಕೆ ಹೋಗುತ್ತದೆ. ಕಾಶ್ಮೀರದಲ್ಲಿ ಬೆಟ್ಟ ಗಟ್ಟಿ, ನಮ್ಮಲ್ಲಿ ದಾಖಲೆ ಗಟ್ಟಿ ಇಲ್ಲ. ವಿಳಂಬದ ಮಟ್ಟಿಗೆ ಎರಡರ ಫಲವೂ ಒಂದೇ ಆಗಿದೆ.

ರೈತರದೇ ತಪ್ಪೆಂದು ಇದರ ಅರ್ಥವಲ್ಲ. 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರ ಲೆಕ್ಕ ಹಾಕುವಾಗ ಸರ್ಕಾರದ ಮಾರ್ಗಸೂಚಿ ಬೆಲೆ ಮತ್ತು ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳ ಸರಾಸರಿಯನ್ನು ನೋಡುತ್ತಾರೆ, ಆ ಮೊತ್ತದ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರುತ್ತದೆ. ಕಾಗದದ ಮೇಲೆ ಇದು ನ್ಯಾಯವಾಗಿದೆ. ಆದರೆ ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ನಿಜ ಬೆಲೆಯ ಅರ್ಧವನ್ನೂ ಬರೆಸದ ರೂಢಿ ನಮ್ಮಲ್ಲಿ ದಶಕಗಳಿಂದ ಇದೆ. ಅಂದು ಬೇರೆ ಯಾರೋ ಉಳಿಸಿಕೊಂಡ ಶುಲ್ಕದ ಪೆಟ್ಟು ಇಂದು ಜಮೀನು ಕಳೆದುಕೊಳ್ಳುವವರ ಮೇಲೆ ಬೀಳುತ್ತಿದೆ. ಕೊಳವೆಬಾವಿ, ಅಡಿಕೆ ಗಿಡ, ಪೈಪ್‌ಲೈನುಗಳ ಮೌಲ್ಯಮಾಪನದಲ್ಲಿ ಇಲಾಖೆಯಿಂದ ಇಲಾಖೆಗೆ ಕಡತ ಅಲೆಯುವುದು ಇನ್ನೊಂದು ಕಥೆ.

ಈಗ ಕಾಮಗಾರಿ ತುಮಕೂರಿನ ಕಡೆಯಿಂದಲೂ ದಾವಣಗೆರೆಯ ಕಡೆಯಿಂದಲೂ ನಡೆದಿದೆ. ತುಮಕೂರಿನ ಸಂಸದರಾದ ವಿ. ಸೋಮಣ್ಣ ಅವರು 2024ರ ಜೂನ್‌ನಿಂದ ರೈಲ್ವೆ ರಾಜ್ಯ ಸಚಿವರಾಗಿರುವುದರಿಂದ ಪರಿಶೀಲನಾ ಸಭೆಗಳಿಗೆ ಬಿರುಸು ಬಂದಿದೆ. ಗಡುವುಗಳು ಹಿಂದೆ ಹಲವು ಬಾರಿ ಬದಲಾಗಿವೆ, ಹಾಗಾಗಿ ಗಡುವನ್ನು ನಂಬುವುದಕ್ಕಿಂತ ಹಂತವನ್ನು ಗುರುತಿಸುವುದು ಒಳ್ಳೆಯದು. ನಿಮ್ಮ ಊರಿನ ಬಳಿ ಮಣ್ಣಿನ ಏರಿ ಎದ್ದಿದೆಯೇ, ಹಳ್ಳಗಳಿಗೆ ಸಣ್ಣ ಸೇತುವೆಗಳಾಗಿವೆಯೇ, ಜಲ್ಲಿ ಬಿದ್ದಿದೆಯೇ ನೋಡಿ. ಹಳಿ ಕೂಡಿದ ಮೇಲೂ ರೈಲ್ವೆ ಸುರಕ್ಷತಾ ಆಯುಕ್ತರು ಬಂದು ಪರೀಕ್ಷಿಸಿ ಒಪ್ಪಬೇಕು. ಆ ಆಯುಕ್ತರು ರೈಲ್ವೆ ಸಚಿವಾಲಯದ ಕೈಕೆಳಗೆ ಇಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು. ತನ್ನ ಕೆಲಸಕ್ಕೆ ತಾನೇ ಅಂಕ ಕೊಟ್ಟುಕೊಳ್ಳಬಾರದೆಂದು ಮಾಡಿದ ಏರ್ಪಾಡು ಅದು. ನಿಮ್ಮ ಜಮೀನು ಮಾರ್ಗದ ಅಂಚಿನಲ್ಲಿದ್ದರೆ ನಾನು ಹೇಳುವುದು ಒಂದೇ: ನಾಡಕಚೇರಿಗೆ ಹೋಗಿ ಪೌತಿ ಖಾತೆಯನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಜವಳಿ ವ್ಯಾಪಾರಿ, ದಾವಣಗೆರೆ: 2025ರಲ್ಲಿ ಮೂರು ಸಾವಿರ ರೂಪಾಯಿ ಇದ್ದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ತೆಗೆದುಕೊಳ್ಳುವುದು ಲಾಭವೇ? ತಿಂಗಳಿಗೆರಡು ಸಲ ಕಾರಿನಲ್ಲಿ ಬೆಂಗಳೂರಿಗೆ ಹೋಗುತ್ತೇನೆ.

ನಿಮ್ಮ ಮಟ್ಟಿಗೆ ಲಾಭ. 2025ರ ಆಗಸ್ಟ್ 15ರಿಂದ ಜಾರಿಗೆ ಬಂದ ಈ ಪಾಸ್ 200 ದಾಟುವಿಕೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಅಂದರೆ 2025ರ ದರದಲ್ಲಿ ಒಂದು ಟೋಲ್‌ಗೆ 15 ರೂಪಾಯಿ ಬಿದ್ದಂತಾಯಿತು. ಹೆಬ್ಬಾಳು, ಗುಯಿಲಾಳು, ಶಿರಾ ಬಳಿಯ ಕರ್ಜೀವನಹಳ್ಳಿ ಹೀಗೆ ದಾರಿಯ ಪ್ರತಿಯೊಂದು ಟೋಲ್ ದಾಟಿದಾಗಲೂ ಒಂದೊಂದು ಲೆಕ್ಕ ಕಳೆಯುತ್ತದೆ. ಒಂದು ದಿಕ್ಕಿಗೆ ಐದು ಟೋಲ್ ಎಂದು ಹಿಡಿದರೆ ಹೋಗಿಬರಲು ಹತ್ತು, ಇನ್ನೂರಕ್ಕೆ ಇಪ್ಪತ್ತು ಪ್ರಯಾಣ; ತಿಂಗಳಿಗೆರಡರಂತೆ ನಿಮಗೆ ಹತ್ತು ತಿಂಗಳು ಬರುತ್ತದೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಹೆದ್ದಾರಿಗೆ ಇಳಿಯುವವರಿಗೆ ಇದರ ಅಗತ್ಯವಿಲ್ಲ.

ಇದು ಸ್ವಂತ ಕಾರು, ಜೀಪು, ವ್ಯಾನ್‌ಗಳಿಗೆ ಮಾತ್ರ. ಬಾಡಿಗೆ ವಾಹನಕ್ಕೂ ನಿಮ್ಮ ಅಂಗಡಿಯ ಸರಕು ವಾಹನಕ್ಕೂ ಅನ್ವಯಿಸದು, ಒಂದು ಕಾರಿನ ಪಾಸನ್ನು ಇನ್ನೊಂದಕ್ಕೆ ಬಳಸಲೂ ಬಾರದು. ರಾಜ್ಯ ಹೆದ್ದಾರಿಯ ಟೋಲ್‌ಗಳಲ್ಲಿ ಮಾಮೂಲಿ ದರವೇ. ‘ರಾಜ್‌ಮಾರ್ಗ್‌ಯಾತ್ರಾ’ ಆ್ಯಪ್‌ನಲ್ಲಿ ಹಣ ಕಟ್ಟಿ ಪಡೆಯಬಹುದು. ಹಾಗೆಯೇ 2025ರ ನವೆಂಬರ್ 15ರಿಂದ ಬಂದ ಇನ್ನೊಂದು ನಿಯಮವನ್ನು ಗಮನದಲ್ಲಿಡಿ: ಚಾಲ್ತಿಯಲ್ಲಿರುವ ಫಾಸ್ಟ್ಯಾಗ್ ಇಲ್ಲದವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು ಶುಲ್ಕ ಎಂದು ಆಗ ಗೊತ್ತುಮಾಡಲಾಯಿತು.

ಈರುಳ್ಳಿ ಬೆಳೆಗಾರರು, ಚಳ್ಳಕೆರೆ ತಾಲ್ಲೂಕು: ಹೆದ್ದಾರಿಗಳ ಉದ್ದ ಒಂದೂವರೆ ಪಟ್ಟು ಬೆಳೆದಿದೆಯಂತೆ. ನನ್ನ ಹೊಲದಿಂದ ಹೆದ್ದಾರಿ ಮುಟ್ಟುವವರೆಗಿನ ಎಂಟು ಕಿ.ಮೀ.ನಲ್ಲಿ ಲಾರಿಯ ಪಟ್ಟೆ ಮುರಿಯುತ್ತದೆ. ಈ ಲೆಕ್ಕವನ್ನು ಹೇಗೆ ನಂಬುವುದು?

ಲೆಕ್ಕ ಸುಳ್ಳಲ್ಲ, ಅದರ ಅರ್ಥವನ್ನು ಬಿಡಿಸಿ ನೋಡಬೇಕು. 2014ರಲ್ಲಿ 91,287 ಕಿ.ಮೀ. ಇದ್ದ ರಾಷ್ಟ್ರೀಯ ಹೆದ್ದಾರಿಗಳು ಇಂದು 1.46 ಲಕ್ಷ ಕಿ.ಮೀ. ದಾಟಿವೆ. ಈ ಹೆಚ್ಚಳದ ದೊಡ್ಡ ಪಾಲು ಹೊಸದಾಗಿ ಕಡಿದ ದಾರಿಯಲ್ಲ. ಮೊದಲೇ ಇದ್ದ ರಾಜ್ಯ ಹೆದ್ದಾರಿಗಳನ್ನು ರಾಷ್ಟ್ರೀಯ ಹೆದ್ದಾರಿ ಎಂದು ಘೋಷಿಸಿದ್ದು. ಜೇವರ್ಗಿಯಿಂದ ಬಳ್ಳಾರಿ, ನಿಮ್ಮ ಚಳ್ಳಕೆರೆ, ಹಿರಿಯೂರುಗಳ ಮೂಲಕ ಚಾಮರಾಜನಗರಕ್ಕೆ ಹೋಗುವ 150ಎ ಹೆದ್ದಾರಿಯೇ ಇದಕ್ಕೆ ಉದಾಹರಣೆ. ಫಲಕ ಬದಲಾದ ದಿನ ರಸ್ತೆ ಬದಲಾಗುವುದಿಲ್ಲ, ಆದರೆ ಅಂದಿನಿಂದ ಅದರ ಅಗಲೀಕರಣಕ್ಕೆ ಕೇಂದ್ರದ ಹಣ ಬರುವ ಬಾಗಿಲು ತೆರೆಯುತ್ತದೆ ಎಂಬುದನ್ನೂ ಹೇಳಬೇಕು.

ನಿಜವಾಗಿ ಕಟ್ಟಿದ ರಸ್ತೆಯ ಲೆಕ್ಕ ಬೇರೆ. 2023–24ರಲ್ಲಿ 12,349 ಕಿ.ಮೀ. ಕಟ್ಟಿದ್ದರೆ 2024–25ರಲ್ಲಿ ಕಟ್ಟಿದ್ದು 10,660 ಕಿ.ಮೀ. ದಿನಕ್ಕೆ ಸುಮಾರು 34 ಕಿ.ಮೀ. ಇದ್ದದ್ದು 29ಕ್ಕೆ ಇಳಿಯಿತು. ಹಿಂದಿನ ವರ್ಷ ಹೊಸ ಗುತ್ತಿಗೆಗಳನ್ನು ಕಡಿಮೆ ಕೊಟ್ಟಿದ್ದರ ಪರಿಣಾಮ ಮರುವರ್ಷ ಕಾಣಿಸಿಕೊಂಡಿತು. ಪ್ರಗತಿ ವರದಿಗಳಲ್ಲಿ ಒಟ್ಟು ಉದ್ದ ದಪ್ಪಕ್ಷರದಲ್ಲೂ ಈ ಇಳಿಕೆ ಸಣ್ಣಕ್ಷರದಲ್ಲೂ ಇರುವುದು ನನಗೆ ಆಶ್ಚರ್ಯ ತರಲಿಲ್ಲ.

ಇನ್ನು ನಿಮ್ಮ ಎಂಟು ಕಿಲೋಮೀಟರ್. ದೇಶದ ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಯ ಪಾಲು ಶೇ 2ರಷ್ಟು, ಆದರೆ ಅದು ಹೊರುವುದು ಸುಮಾರು ಶೇ 40ರಷ್ಟು ಸಂಚಾರವನ್ನು. ಹೀಗಾಗಿ ಹಣ ಮೊದಲು ಅತ್ತ ಹರಿಯುವುದರಲ್ಲಿ ತರ್ಕವಿದೆ. ಹೊಲದ ದಾರಿ ಗ್ರಾಮ ಪಂಚಾಯಿತಿಯದೋ, ಜಿಲ್ಲಾ ಪಂಚಾಯಿತಿಯದೋ, ಲೋಕೋಪಯೋಗಿ ಇಲಾಖೆಯದೋ ಆಗಿರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಪಡೆದ ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತದಲ್ಲಿ 62,500 ಕಿ.ಮೀ. ರಸ್ತೆಯ ಗುರಿ ಇದೆ, ಆದರೆ ಅದು ಇನ್ನೂ ಪಕ್ಕಾ ರಸ್ತೆಯನ್ನೇ ಕಾಣದ ಜನವಸತಿಗಳಿಗೆ. ಒಮ್ಮೆ ಡಾಂಬರು ಕಂಡು ಈಗ ಕಿತ್ತುಹೋಗಿರುವ ನಿಮ್ಮಂಥ ರಸ್ತೆ ಯಾವ ರಾಷ್ಟ್ರೀಯ ಯೋಜನೆಯ ಕಣ್ಣಿಗೂ ಬೀಳುವುದಿಲ್ಲ, ಅದು ನಿರ್ವಹಣೆಯ ಬಾಬ್ತು. ನಮ್ಮಲ್ಲಿ ರಿಬ್ಬನ್ ಕತ್ತರಿಸಲಾಗದ ಕೆಲಸಕ್ಕೆ ಹಣ ಸಿಗುವುದು ಕಷ್ಟ. ಗುಂಡಿಯಲ್ಲಿ ಕುಲುಕಿ ತೊಗಲು ಸುಲಿದ ಈರುಳ್ಳಿ ಯಶವಂತಪುರದ ಮಾರುಕಟ್ಟೆಯಲ್ಲಿ ಎರಡನೇ ದರ್ಜೆಯಾಗುವ ನಷ್ಟ ಯಾವ ವರದಿಯಲ್ಲೂ ದಾಖಲಾಗುವುದಿಲ್ಲ.

ಗೃಹಿಣಿ, ಹಿರಿಯೂರು ತಾಲ್ಲೂಕು: ನಮ್ಮ ಊರು ಹೆದ್ದಾರಿಯ ಎರಡೂ ಬದಿಗಿದೆ. ರಸ್ತೆ ಆರು ಪಥವಾದ ಮೇಲೆ ದಾಟಲು ಜೀವ ಕೈಯಲ್ಲಿ ಹಿಡಿಯಬೇಕು. ಅಪಘಾತವಾದರೆ ಉಚಿತ ಚಿಕಿತ್ಸೆ ಎನ್ನುತ್ತಾರೆ, ಅದು ಹೌದೇ?

ಚಿಕಿತ್ಸೆಯ ವಿಷಯ ಹೌದು. 2025ರ ಮೇ 5ರಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಯೋಜನೆಯಂತೆ, ಯಾವುದೇ ರಸ್ತೆಯಲ್ಲಿ ಮೋಟಾರು ವಾಹನದಿಂದ ಅಪಘಾತಕ್ಕೀಡಾದವರಿಗೆ ಮೊದಲ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ, ನಿಯೋಜಿತ ಆಸ್ಪತ್ರೆಗಳಲ್ಲಿ ನಗದಿಲ್ಲದೆ ಚಿಕಿತ್ಸೆ ಸಿಗಬೇಕು. ಗಾಯಾಳುವನ್ನು ಸಕಾಲದಲ್ಲಿ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ಕೊಡುವ ಬಹುಮಾನವೂ 5,000ದಿಂದ 25,000 ರೂಪಾಯಿಗೆ ಏರಿದೆ. ತುರ್ತಿಗೆ 112, ಹೆದ್ದಾರಿ ಪ್ರಾಧಿಕಾರದ ನೆರವಿಗೆ 1033.

ದಾಟುವ ವಿಷಯದಲ್ಲಿ ನಿಮ್ಮ ಭಯ ಆಧಾರವಿಲ್ಲದ್ದಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಅವರಲ್ಲಿ 61,038 ಮಂದಿ ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಶೇ 2ರಷ್ಟು ಉದ್ದದ ರಸ್ತೆಯಲ್ಲಿ ಶೇ 36ರಷ್ಟು ಸಾವು. ನಾವು ಇಂದಿಗೂ ‘ಎನ್‌ಎಚ್ ಫೋರ್’ ಎಂದೇ ಕರೆಯುವ 48ನೇ ಹೆದ್ದಾರಿ ಮುಂಬೈ, ಚೆನ್ನೈಗಳನ್ನು ಜೋಡಿಸುವ ಸುವರ್ಣ ಚತುಷ್ಪಥದ ಭಾಗ; ಅದನ್ನು ಅಗಲ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ದೂರದಿಂದ ಬಂದು ದೂರಕ್ಕೆ ಹೋಗುವ ವಾಹನ. ಹೊಲ ಈಚೆ, ಮನೆ ಆಚೆ ಇರುವವರಿಗೆ ಅಂಡರ್‌ಪಾಸ್ ಎರಡು ಕಿ.ಮೀ. ದೂರದಲ್ಲಿದ್ದರೆ ಅವರು ವಿಭಜಕವನ್ನೇ ಹತ್ತಿ ಇಳಿಯುತ್ತಾರೆ, ಎಮ್ಮೆಯನ್ನೂ ಹತ್ತಿಸುತ್ತಾರೆ. ಅದನ್ನು ಶಿಸ್ತಿನ ಕೊರತೆ ಎಂದು ಬಯ್ಯುವುದು ಸುಲಭ. ದಾಟುವ ಜಾಗವನ್ನು ಜನ ದಾಟುವ ಕಡೆ ಕಟ್ಟದಿರುವುದು ವಿನ್ಯಾಸದ ದೋಷ ಎಂದೇ ನಾನು ತಿಳಿಯುತ್ತೇನೆ. ನಿಮ್ಮ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಅಲ್ಲಿ ಈವರೆಗೆ ದಾಖಲಾದ ಅಪಘಾತಗಳ ವಿವರವನ್ನು ಪೊಲೀಸ್ ಠಾಣೆಯಿಂದ ಪಡೆದು ಲಗತ್ತಿಸಿ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳಿಗೆ ಕೊಡಿ. ಅಪಘಾತ ವಲಯ ಎಂದು ಗುರುತಿಸಲು ಅಂಥ ದಾಖಲೆಯೇ ಆಧಾರ.

ಹಿರಿಯ ನಾಗರಿಕರು, ಹರಿಹರ: ರೈಲ್ವೆಗೆ ಇಷ್ಟೆಲ್ಲ ಹಣವಿದ್ದರೂ ಹಿರಿಯರ ರಿಯಾಯಿತಿ ಮರಳಿ ಬರಲಿಲ್ಲ, ಬದಲಿಗೆ ಒಂದೇ ವರ್ಷದಲ್ಲಿ ಎರಡು ಸಲ ದರ ಏರಿತು. ಇದು ಸರಿಯೇ?

ಏರಿಕೆ ಚಿಕ್ಕದು. ಜುಲೈ 1 ಮತ್ತು ಡಿಸೆಂಬರ್ 26ರ ಎರಡೂ ಪರಿಷ್ಕರಣೆಗಳನ್ನು ಕೂಡಿಸಿದರೆ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳ ಹವಾನಿಯಂತ್ರಿತವಲ್ಲದ ದರ್ಜೆಯಲ್ಲಿ ಕಿ.ಮೀ.ಗೆ 3 ಪೈಸೆ, ಹವಾನಿಯಂತ್ರಿತದಲ್ಲಿ 4 ಪೈಸೆ. ದಾವಣಗೆರೆಯಿಂದ ಬೆಂಗಳೂರಿಗೆ ಇದು ಸುಮಾರು 10 ಮತ್ತು 13 ರೂಪಾಯಿ. ಸೀಸನ್ ಟಿಕೆಟ್ ದರ ಏರಿಲ್ಲ; ಸಾಮಾನ್ಯ ದರ್ಜೆಯಲ್ಲಿ 215 ಕಿ.ಮೀ.ವರೆಗಿನ ಪ್ರಯಾಣಕ್ಕೂ ಏರಿಕೆ ಇಲ್ಲ.

ರಿಯಾಯಿತಿಯ ವಿಷಯದಲ್ಲಿ ನಾನು ನಿಮ್ಮ ಪಕ್ಷ. 60 ದಾಟಿದ ಪುರುಷರಿಗೆ ಶೇ 40, 58 ದಾಟಿದ ಮಹಿಳೆಯರಿಗೆ ಶೇ 50 ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ನಿಲ್ಲಿಸಿದರು. ಪ್ರತಿಯೊಬ್ಬ ಪ್ರಯಾಣಿಕನಿಗೂ ಈಗಾಗಲೇ ಸರಾಸರಿ ಶೇ 46ರಷ್ಟು ಸಬ್ಸಿಡಿ ಇದೆ ಎಂಬುದು ಸಚಿವಾಲಯದ ಉತ್ತರ. ಆ ಸಬ್ಸಿಡಿ ರಿಯಾಯಿತಿ ಇದ್ದ ಕಾಲದಲ್ಲೂ ಇತ್ತಲ್ಲ! ಸ್ಲೀಪರ್ ಮತ್ತು ಮೂರನೇ ದರ್ಜೆಯ ಹವಾನಿಯಂತ್ರಿತ ಬೋಗಿಗಳಲ್ಲಾದರೂ ಅದನ್ನು ಮರಳಿ ಕೊಡುವುದನ್ನು ಪರಿಗಣಿಸಬೇಕೆಂದು ಸಂಸತ್ತಿನ ಸ್ಥಾಯಿ ಸಮಿತಿಯೇ ಹೇಳಿದೆ.

ಇದೇ ಪತ್ರದಲ್ಲಿ ತತ್ಕಾಲ್ ಬಗ್ಗೆಯೂ ಕೇಳಿದ್ದೀರಿ. ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆ ಬೇಕು, ಜುಲೈ 15ರಿಂದ ಒಟಿಪಿಯೂ ಬೇಕು. ಮೊದಲ ಅರ್ಧ ಗಂಟೆ ಏಜೆಂಟರಿಗೆ ಪ್ರವೇಶವಿಲ್ಲ. ಕೌಂಟರ್‌ಗೆ ಹೋಗುವಾಗ ಮೊಬೈಲ್ ಜೊತೆಗಿರಲಿ.

ಲೋಕೊ ಪೈಲಟ್ ಒಬ್ಬರ ತಂದೆ, ಚಿಕ್ಕಜಾಜೂರು: ‘ಕವಚ್’ ಎಂದರೆ ನಿಖರವಾಗಿ ಏನು?

ಚಾಲಕ ಕೆಂಪು ಸಿಗ್ನಲ್ ದಾಟದಂತೆ, ಮಿತಿ ಮೀರಿ ಓಡಿಸದಂತೆ ನೋಡಿಕೊಳ್ಳುವ, ಅಗತ್ಯ ಬಿದ್ದರೆ ತಾನೇ ಬ್ರೇಕ್ ಹಾಕುವ ಸ್ವದೇಶಿ ವ್ಯವಸ್ಥೆ. ಹಳಿಯ ಮೇಲಿನ ಗುರುತು ಬಿಲ್ಲೆಗಳಿಂದ ಎಂಜಿನ್ನು ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ನಿಲ್ದಾಣದ ಉಪಕರಣ ಗೋಪುರಗಳ ರೇಡಿಯೋ ಮೂಲಕ ಮುಂದಿನ ಸಿಗ್ನಲ್‌ನ ಸ್ಥಿತಿಯನ್ನು ಚಾಲಕನ ಮುಂದಿನ ಪರದೆಗೆ ಕಳುಹಿಸುತ್ತದೆ. ದಟ್ಟ ಮಂಜಿನಲ್ಲಿ ಹೊರಗೆ ಕತ್ತು ಚಾಚಿ ದೀಪ ಹುಡುಕುವ ಕಷ್ಟ ತಪ್ಪುತ್ತದೆ. 2025ರ ಜುಲೈ 30ರಂದು ದೆಹಲಿ–ಮುಂಬೈ ಮಾರ್ಗದ ಮಥುರಾ–ಕೋಟಾ ಭಾಗದಲ್ಲಿ ಇದರ ಸುಧಾರಿತ 4.0 ಆವೃತ್ತಿ ಚಾಲನೆಗೆ ಬಂದಿತು. ಮೊದಲ ಆದ್ಯತೆ ದೆಹಲಿ–ಮುಂಬೈ ಮತ್ತು ದೆಹಲಿ–ಹೌರಾ ಮಾರ್ಗಗಳಿಗೆ. ಕಳೆದ ವರ್ಷದ ಎಲ್ಲ ಸಾಧನೆಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದೇ, ಸೇತುವೆಗಳಷ್ಟು ಚೆಂದದ ಚಿತ್ರ ಇದಕ್ಕೆ ಸಿಗದಿದ್ದರೂ.

ಗ್ರಾಮ ಪಂಚಾಯಿತಿ ಸದಸ್ಯರು, ಹೊಳಲ್ಕೆರೆ ತಾಲ್ಲೂಕು: ಗೇಟು ತೆಗೆದು ಅಂಡರ್‌ಪಾಸ್ ಮಾಡಿದರು. ಮಳೆ ಬಂದರೆ ಎದೆಮಟ್ಟ ನೀರು. ರೈಲ್ವೆಯವರು ಪಂಚಾಯಿತಿಯನ್ನು ತೋರಿಸುತ್ತಾರೆ, ಪಂಚಾಯಿತಿಯಲ್ಲಿ ಹಣವಿಲ್ಲ. ಯಾರಿಗೆ ಬರೆಯಬೇಕು?

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲುಗಾರರಿಲ್ಲದ ಗೇಟುಗಳೆಲ್ಲವನ್ನೂ 2019ರ ಜನವರಿ ವೇಳೆಗೆ ತೆಗೆದುಹಾಕಿದ್ದು ಒಳ್ಳೆಯ ಕೆಲಸವೇ. ಆದರೆ ಹಳಿಯ ಕೆಳಗೆ ತಗ್ಗು ತೋಡಿದ ಮೇಲೆ ನೀರು ಅಲ್ಲಿಗೇ ಹರಿಯುತ್ತದೆಂಬುದು ಹೊಲದಲ್ಲಿ ಬದು ಹಾಕುವವನಿಗೂ ಗೊತ್ತಿರುವ ವಿಷಯ. ಹಳಿಯ ಕೆಳಗಿನ ಕಾಂಕ್ರೀಟ್ ಪೆಟ್ಟಿಗೆ ರೈಲ್ವೆಯದು, ಎರಡೂ ಕಡೆಯ ಕೂಡುರಸ್ತೆ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯದು; ಜಗಳ ಹುಟ್ಟುವುದು ಈ ಗೆರೆಯ ಮೇಲೆ. ಪಂಚಾಯಿತಿಯ ನಿರ್ಣಯದ ಪ್ರತಿಯೊಂದಿಗೆ ಮೈಸೂರಿನಲ್ಲಿರುವ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಬರೆಯಿರಿ, ಅದರ ಒಂದು ಪ್ರತಿಯನ್ನು ಸಂಸದರ ಕಚೇರಿಗೂ ಕೊಡಿ. ನೀರು ನಿಂತ ದಿನವೇ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದುಕೊಳ್ಳಿ. ಅರ್ಜಿಯಲ್ಲಿ ‘ನಮ್ಮ ಊರಿನ ಅಂಡರ್‌ಪಾಸ್’ ಎಂದಷ್ಟೇ ಬರೆದರೆ ಕಡತ ಮೈಸೂರಿನಲ್ಲಿ ಊರು ಹುಡುಕುತ್ತ ಕೂರುತ್ತದೆ. ಸೇತುವೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುವ ಸಂಖ್ಯೆ ಇರುತ್ತದೆ, ನೀರು ಇಳಿದ ಮೇಲೆ ಹೋಗಿ ಅದನ್ನು ಗುರುತು ಹಾಕಿಕೊಳ್ಳಿ. ರೈಲ್ವೆಯವರು ಆ ಜಾಗವನ್ನು ಗುರುತಿಸುವುದು ಆ ಸಂಖ್ಯೆಯಿಂದಲೇ.